ಎರಡನೇ ಸಾಕ್ಷಿ

ಬ್ಯಾಡಗಿ
3 ಡಿಸೆಂಬರ್ 2023

ಮಗಳು ಬೇನಜೀರಗೆ ಅಬ್ಬಾ ಯೂಸುಫಸಾಬ ಮಾಡುವ ದುವಾ.

ಬೇಟಿ, ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಖಾರದ ಗಿರಣಿ ಮುಂದ ಮೆಣಸಿನಕಾಯಿ ಒಣಾಕ ಹಾಕೇವಿ. ಕೆಂಪಗ, ರಸ್ತೆತನಕ. ಮ್ಯಾಲಿಂದ ಒಂದು ಕರೇ ಕಲ್ಲು ಬಂದು ನಟ್ಟನಡುವ ಬಿತ್ತು. ಕಾಯಿ ಹೊತ್ತಿ, ಹೊಗಿ ಎದ್ದು, ಇಡೀ ಬ್ಯಾಡಗಿ ಸೀನಾಕತ್ತದ. ಮಂದಿ ಬಾಯಿ ತೆರೀತಾರ, ಮುಚ್ಚತಾರ, ನನಗ ಒಂದು ಸೀನೂ ಕೇಳವಲ್ದು. ಆ ಹೊಗಿಯೊಳಗ ನಿಮ್ಮ ಅಣ್ಣ ಮುಜಾಫರ ನಿಂತಿದ್ದ. ಮೂಗು-ಬಾಯಿಗೆ ವಸ್ತ್ರ ಕಟ್ಟಿದ್ದ, ಗಂಟು ಎಡಗಿವಿ ಮ್ಯಾಲೆ. ಅಂವ ಎಡಚ ನೋಡು. ಗಿರಣ್ಯಾಗ ಎಲ್ಲಾರ ಗಂಟೂ ಬಲಗಿವಿಗೆ ಬಂದ್ರ ಅವಂದೊಂದು ಎಡಕ್ಕ. ಕರೀಬೇಕಂತ ಬಾಯಿ ತೆಗದೆ, ಎಚ್ಚರಾತು.

ಇದಕ್ಕೆಲ್ಲಾ ನಿನ್ನ ಕಲ್ಲೇ ಕಾರಣ. ಬಾಜೂ ಅಂಗಡಿ ಇಸ್ಮಾಯಿಲಸಾಬ ಪೇಪರ್ ಹಿಡಕೊಂಡು ಬಂದು ನನ್ನ ಕಿವ್ಯಾಗ ಒದರಿದ: "ಯೂಸುಫಣ್ಣಾ, ರಾಣೆಬೆನ್ನೂರ ವಸತಿ ಶಾಲಿ ಟೀಚರು ಆಕಾಶದಾಗ ಹೊಸಾ ಕಲ್ಲು ಹುಡುಕ್ಯಾರಂತ. ನಮ್ಮ ಬೇನಜೀರನ ಫೋಟೋ ಐತಿ ನೋಡು!" ನಾ ಕೇಳಿದೆ, ಅದು ಬಿದ್ರ ಯಾರು ಜಿಮ್ಮೇದಾರು? "ಹುಡುಕಿದವರ ಮ್ಯಾಲೇ ಕೇಸ್ ಆಕ್ಕತಿ" ಅಂದು ನಕ್ಕ. ಅಂವ ನಕ್ಕ, ನನ್ನ ನಿದ್ದಿ ಹೋತು.

ಫೋನ್ ಮಾಡಬ್ಯಾಡ. ಗಿರಣಿ ಸಪ್ಪಳಕ್ಕ ನನ್ನ ಕಿವಿ ಹೋಗಿದ್ದು ನಿನಗ ಗೊತ್ತೇ ಐತಿ. ನೀ ಅಂದದ್ದು ನನಗ ಕೇಳೂದಿಲ್ಲ, ನಾ ಅಂದದ್ದು ಓಣಿಗೆಲ್ಲಾ ಕೇಳತದ. ಪತ್ರ ಬರಿ. ನಾ ಆರನೇತ್ತೆಗೆ ಶಾಲಿ ಬಿಟ್ಟಾಂವ, ಈಗೂ ಮಾಸ್ತರು ಕಲಿಸಿದಂಗ ಒಂದೊಂದು ಅಕ್ಷರ ಬಾಯಾಗ ಅನಕೋಂತ ಬರಿಯಾಂವ. ತಪ್ಪಿದ್ರ ತಿದ್ದಿಕೊ.

ಮುಜಾಫರನ ಕನಸು ಬಿದ್ದದ್ದು ನಿಮ್ಮ ಅಮ್ಮಿಗೆ ಹೇಳಬ್ಯಾಡ. ಹುಡುಗಿ ಕಡೆಯವರು ನಿಶ್ಚಯ ಮುರಿದ ಮ್ಯಾಲೆ ಮಂದಿಗೆ ಮಾರಿ ತೋರಸೂದಿಲ್ಲಂತ ಹಾವೇರಿ ಸ್ಟೇಷನ್ ಕಡೆ ಹೋದಾಂವ. ಆಮ್ಯಾಲೆ ಯಾರದೋ ಫೋನಿಂದ "ಜೀವಂತ ಅದೇನಿ, ಹುಡುಕಬ್ಯಾಡ್ರಿ" ಅಂದದ್ದೊಂದ. ಅವನ ಹೆಸರು ತಗದ್ರ ನಿಮ್ಮ ಅಮ್ಮಿ ಮಾಸುಮಬಿ ಉಣ್ಣೂ ತಾಟು ಬಿಟ್ಟು ಏಳತಾಳ. ಈಗ ಆಕಿ ಒಲಿ ಮುಂದ ಅದಾಳ, ನಾ ಪಡಸಾಲ್ಯಾಗ ಸದ್ದಿಲ್ಲದ ಬರಿಯಾಕತ್ತೇನಿ.

ಆ ಕಲ್ಲು ಈ ಕಡೆ ಬರೂದಿಲ್ಲಂತ ಖಾತ್ರಿ ಮಾಡಿ ತಿಳಸು.

ನಿನ್ನ ಅಬ್ಬಾ
ಯೂಸುಫಸಾಬ


ರಾಣೆಬೆನ್ನೂರ
10 ಡಿಸೆಂಬರ್ 2023

ಅಬ್ಬಾ, ಸಲಾಮ್.

ನಿಮ್ಮ ಪತ್ರ ಮಕ್ಕಳು ಊಟಕ್ಕೆ ಕುಂತಾಗ ಬಂತು. ಹಾಸ್ಟೆಲ್ ಡ್ಯೂಟಿ ನಂದೇ ಇತ್ತು. ಓದಿ ನಕ್ಕೆ. ಅಣ್ಣನ ಹೆಸರು ಬಂದಲ್ಲಿ ನಗು ನಿಂತಿತು.

ಮೊದಲು ಕೇಸಿನ ವಿಚಾರ. ಯಾರ ಮ್ಯಾಲೂ ಕೇಸ್ ಆಗೂದಿಲ್ಲ. ಮಂಗಳ ಮತ್ತು ಗುರು ಗ್ರಹದ ನಡುವ ಕಲ್ಲುಗಳದೊಂದು ದೊಡ್ಡ ಪಟ್ಟೆ ಐತಿ. ಲಕ್ಷಗಟ್ಟಲೆ ಕಲ್ಲು, ತಮ್ಮ ತಮ್ಮ ದಾರಿ ಹಿಡಿದು ಸೂರ್ಯನ ಸುತ್ತ ತಿರಗತಾವ. ನಮ್ಮದು ಆ ಪಟ್ಟೆಯ ಹೊರಗಿನ ಅಂಚಿನದು, ಗುರುವಿನ ಕಡೆದು. ಬ್ಯಾಡಗಿ ಹಂಗಿರಲಿ, ಅದು ಮಂಗಳದ ಹತ್ತಿರಾನೂ ಬರೂದಿಲ್ಲ. ಸೂರ್ಯನಿಗೆ ಒಂದು ಸುತ್ತು ಹಾಕಾಕ ಐದು ವರ್ಷದ ಮ್ಯಾಲೆ ಬೇಕು.

ಹುಡುಕಿದ್ದು ಅಂಗಳದಾಗ ನಿಂತು ಮ್ಯಾಲೆ ನೋಡಿ ಅಲ್ಲ. ದೂರದೊಂದು ಗುಡ್ಡದ ಮ್ಯಾಲಿನ ದೊಡ್ಡ ದುರ್ಬೀನು ತೆಗೆದ ಫೋಟೋಗಳನ್ನ ನಮ್ಮಂಥ ಶಾಲೆಗಳಿಗೂ ಕಳಸ್ತಾರ. ಒಂದೇ ಜಾಗದ ನಾಕು ಫೋಟೋ, ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ತೆಗೆದವು. ಕಂಪ್ಯೂಟರಿನಾಗ ಒಂದರ ಹಿಂದ ಒಂದು ತಿರುಗಿಸಿ ನೋಡಬೇಕು. ನಕ್ಷತ್ರ ಇದ್ದಲ್ಲೇ ಇರತಾವ. ಯಾವ ಚುಕ್ಕಿ ಸರೀತದೋ ಅದು ಕಲ್ಲು. ಬಾಳ ಸಲ ಅದು ಮೊದಲೇ ಬ್ಯಾರೆಯವರು ಕಂಡದ್ದೇ ಆಗಿರತದ. ಅಕ್ಟೋಬರದಾಗ ಒಂದಿನ ಒಂಬತ್ತನೇತ್ತೆ ಸುಶ್ಮಿತಾ "ಟೀಚರ್, ಇಲ್ಲೊಂದು ಬಸವನಹುಳ ಹೊಂಟೈತ್ರಿ" ಅಂದ್ಳು. ಅಷ್ಟು ಸಾವಕಾಶ ಸರಿಯಾಕತ್ತಿತ್ತು. ದೂರ ಇದ್ದದ್ದು ಸಾವಕಾಶನೇ ಸರಿಯೂದು. ಅದು ಈತನಕ ಯಾರ ಲೆಕ್ಕದಾಗೂ ಇರಲಿಲ್ಲ.

ಅದಕ್ಕ ಹೆಸರೇನಿಟ್ಟಿ ಅಂತ ಎಲ್ಲಾರೂ ಕೇಳ್ತಾರ. ಈಗ ಹೆಸರಿಡಂಗಿಲ್ಲ. ನಮ್ಮ ಹಾಜರಿ ನಂಬರಿನಂಥದ್ದೊಂದು ಕೊಟ್ಟಾರ. ಬ್ಯಾರೆ ದುರ್ಬೀನಿನವರೂ ಕಾಣಬೇಕು, ಮುಂದಿನ ವರ್ಷಗಳೊಳಗೂ ಕಾಣಬೇಕು. ದಾರಿ ಗಟ್ಟಿ ಆಗೂತನಕ ಅದು ಕೈತಪ್ಪಿ ಹೋಗಬಹುದು. ಹಂಗ ತಪ್ಪಿಸಿಕೊಂಡವು ಬಾಳ ಅದಾವ. ನಿಮಗ ಅದು ಬರತದಂತ ಚಿಂತಿ, ನನಗ ಹೋಗತದಂತ.

ಅಣ್ಣನ ಗಂಟು ನನಗೂ ನೆನಪೈತಿ ಅಬ್ಬಾ.

ನಿಮ್ಮ
ಬೇನಜೀರ


ಬ್ಯಾಡಗಿ
15 ಫೆಬ್ರವರಿ 2024

ಬೇಟಿ ಬೇನಜೀರಗೆ ದುವಾ.

ನಿಮ್ಮ ಶಾಲಿ ಪಾಲಕರ ಸಭೆ ದಿನ ನಿನ್ನ ನೋಡಾಕ ಬಂದು ಮೊನ್ನೆ ಹೊಳ್ಳಿ ಬಂದೆ. ಊಟ ಸರಿಯಾಗಿ ಸೇರವಲ್ದು. ಸಂಜಿ ಮಗ್ರಿಬ್ ನಮಾಜ್ ಆದಮ್ಯಾಲೆ ನೀ ಆ ಸಣ್ಣ ದುರ್ಬೀನಿನಾಗ ಚಾಂದ್ ತೋರಿಸಿದಿಯಲ್ಲಾ, ಅದು ಉಲ್ಟಾ ಇತ್ತು! ಕಣ್ಣಿಗೆ ಬಲಕ್ಕ ಬೆಳಗಿದ್ದು ಅದರಾಗ ಎಡಕ್ಕ ಬೆಳಗಾಕತ್ತಿತ್ತು. ಶಾಬಾನ್ ತಿಂಗಳು ಈಗ ಸುರು ಆಗೇತಿ, ಇದು ಮುಗಿಯಾಕ ಬಂದ ಚಾಂದ್ ಇದ್ದಂಗ ಐತಲ್ಲಾ ಅಂತ ದುರ್ಬೀನು ಬಿಟ್ಟು ಮ್ಯಾಲೆ ನೋಡಿದೆ. ನೀ ನಕ್ಕು ನನ್ನ ಅಂಗೈಮ್ಯಾಲೆ ಬೆರಳಲೆ ಬರದು ತೋರಿಸಿದಿ, ಕನ್ನಡಿ ಇರತದ ಅಬ್ಬಾ, ಎಡ ಬಲ ಅದಲು-ಬದಲು ಅಂತ. ತಿಳೀತು. ಆದ್ರ ಒಂದು ತಿಳೀಲಿಲ್ಲ. ನಿನ್ನ ಕಲ್ಲು ಕಂಡ ಫೋಟೋ ಉಲ್ಟಾ ಇರಲಿಲ್ಲ ಅಂತ ಹೆಂಗ ಖಾತ್ರಿ? ನೀ ಎಡಕ್ಕ ಹೊಂಟೈತಿ ಅಂದಿ, ಅದು ಬಲಕ್ಕ ಹೊಂಟಿದ್ರ? ಮಂದಿ ಎಲ್ಲಾ ಎಡಕ್ಕ ಹುಡುಕ್ಕೋಂತ ಕುಂತ್ರ?

ನೀ ಬರದದ್ದು ನಮ್ಮ ಇಮಾಮ ಸಾಹೇಬರಿಗೆ ಹೇಳಿದೆ, ಆ ಕಲ್ಲನ್ನ ಬ್ಯಾರೆಯವರೂ ಕಾಣಬೇಕಂತ. "ಬರೋಬ್ಬರಿ ಐತಲ್ಲಾ ಯೂಸುಫಸಾಬ. ಈದಿನ ಚಾಂದ್ ಕಂಡೇನಿ ಅಂತ ಒಬ್ಬಾಂವ ಬಂದು ಹೇಳಿದ್ರ ಈದ್ ಮಾಡತೇವೇನು? ಇಬ್ಬರು ಸಾಕ್ಷಿ ಬೇಕು" ಅಂದ್ರು. ಅದು ಕೇಳಿ ಜರಾ ಸಮಾಧಾನ ಆತು. ನಿನ್ನ ಕೆಲಸಕ್ಕೂ ಒಂದು ಪದ್ಧತಿ ಐತಿ.

ರಾಣೆಬೆನ್ನೂರ ಬಸ್ ಸ್ಟ್ಯಾಂಡಿನಾಗ ಒಬ್ಬಾಂವನ ಬೆನ್ನು ನೋಡಿ ನಿಮ್ಮ ಅಣ್ಣನಂತ ಹಿಂದ ಓಡಿದೆ. ಅಂವ ಅಲ್ಲ. ಇದು ನಮ್ಮಿಬ್ಬರಾಗ ಇರಲಿ.

ನಿನ್ನ ಅಬ್ಬಾ
ಯೂಸುಫಸಾಬ


ಬ್ಯಾಡಗಿ
9 ಜೂನ್ 2024

ಬೇನಜೀರ ಬೇಟಿಗೆ ದುವಾ.

ಪರೀಕ್ಷೆ ಪೇಪರ್ ತಿದ್ದೂ ಕೆಲಸ ಅಂತ ನೀ ಇಸ್ಮಾಯಿಲಸಾಬನ ಮಗಳ ಮದುವಿಗೆ ಬರಲಿಲ್ಲ. ಹಾವೇರ್ಯಾಗ ಹಾಲ್ ಹಿಡಿದಿದ್ರು. ಛಲೋ ಆತು. ಬಿರಿಯಾನಿ ಮಂದಿ ಎರಡೆರಡು ಸಲ ನೀಡಿಸಿಕೊಂಡ್ರು. ನಿಮ್ಮ ಅಮ್ಮಿ ಮಾತ್ರ ಬಾಗಿಲ ಕಡೆ ನೋಡಕೋಂತ ಉಂಡ್ಳು. ಸ್ಟೇಷನ್ ಅಲ್ಲೇ ಹತ್ತಿರ ಐತಲ್ಲಾ, ಯಾವ ರೈಲು ಬಂದ್ರೂ ಆಕಿ ಕುತ್ತಿಗಿ ಹೊಳ್ಳತದ. ನನಗ ರೈಲು ಕೇಳೂದಿಲ್ಲ, ಆಕಿ ಕುತ್ತಿಗಿ ನೋಡಿ ರೈಲು ಬಂತಂತ ತಿಳಕೋತೇನಿ.

ನಿನ್ನ ಕಲ್ಲು ಈಗ ಸೂರ್ಯನ ಹಿಂದ ಹೋಗೇತಿ, ಚಳಿಗಾಲದತನಕ ಯಾರಿಗೂ ಕಾಣೂದಿಲ್ಲ ಅಂತ ಹೋದ ಸಲ ಬಂದಾಗ ಹೇಳಿದ್ದಿ. ಅದನ್ನ ಕೇಳಿದಾಗಿಂದ ನನಗ ಇನ್ನೊಂದು ಚಿಂತಿ ಹತ್ತೇತಿ. ಕಾಣದಿದ್ದಾಗ ಅದು ತನ್ನ ದಾರಿ ಬಿಟ್ಟು ಬ್ಯಾರೆ ಕಡೆ ಹೊಳ್ಳಿದ್ರ? ಅಲ್ಲಿ ಅದಕ್ಕ ಏನರೆ ಬಡಿದ್ರ? ನೋಡಾವರಿಲ್ಲ, ಕೇಳಾವರಿಲ್ಲ.

ಖರೇ ಹೇಳು. ಹೊಳ್ಳಿ ಸಿಗತದೋ ಇಲ್ಲೋ?

ಅಬ್ಬಾ


ರಾಣೆಬೆನ್ನೂರ
23 ಜೂನ್ 2024

ಅಬ್ಬಾ, ಸಲಾಮ್.

ಖರೇ ಹೇಳು ಅಂದೀರಿ, ಹೇಳತೇನಿ. ದಾರಿ ಬಿಟ್ಟು ಹೋಗೂದಿಲ್ಲ. ಆದ್ರ ನಾವು ಕಂಡದ್ದು ಅದರ ದಾರಿಯ ಒಂದು ಚೂರು. ಆ ಚೂರಿನ ಮ್ಯಾಲೆ ಉಳಿದದ್ದೆಲ್ಲಾ ಅಂದಾಜು ಮಾಡೇವಿ. ಅಂದಾಜು ಕೂದಲೆಳಿಯಷ್ಟು ತಪ್ಪಿದ್ರೂ ತಿಂಗಳು ಕಳದಂಗ ಆ ತಪ್ಪು ದೊಡ್ಡದಾಗತದ. ಚಳಿಗಾಲಕ್ಕ ನಾವು ನೋಡಿದ ಜಾಗದಾಗ ಅದು ಇಲ್ಲಂದ್ರ ಸಿಗೂದು ಕಷ್ಟ.

ಸುಶ್ಮಿತಾ ದಿನಾ ಕೇಳತಾಳ, "ಟೀಚರ್, ನಮ್ಮ ಬಸವನಹುಳ ಸತ್ತೈತೇನ್ರಿ?" ಇಲ್ಲ ಅಂತ ಬೈತೇನಿ. ಬೈದ ಮ್ಯಾಲೆ ನನಗೇ ಅಂಜಿಕಿ ಬರತದ. ನಿಮ್ಮ ಚಿಂತಿ ಮಾಡೂ ಗುಣ ನನಗೂ ಬಂದೈತಿ, ಬ್ಯಾರೆ ಏನೂ ಕೊಡಲಿಲ್ಲ ನೋಡ್ರಿ ನೀವು.

ಅಮ್ಮಿಗೆ ಮೊಣಕಾಲಿನ ಎಣ್ಣಿ ಕಳಸೇನಿ.

ನಿಮ್ಮ
ಬೇನಜೀರ


ರಾಣೆಬೆನ್ನೂರ
19 ಜನವರಿ 2025

ಅಬ್ಬಾ! ಸಲಾಮ್.

ಸಿಕ್ಕಿತು. ನಾವು ಅಂದಾಜು ಮಾಡಿದ ಜಾಗಕ್ಕಿಂತ ತುಸು ಆಚೆ, ಆದ್ರ ಸಿಕ್ಕಿತು. ಕಂಡಾವರು ನಾವಲ್ಲ, ಬ್ಯಾರೆ ದೇಶದ ದುರ್ಬೀನಿನವರು. ಅದೇ ಕಲ್ಲು ಇದು ಅಂತ ಲೆಕ್ಕ ಕೂಡೇತಿ. ಸುಶ್ಮಿತಾ ಮೆಸ್ಸಿನಾಗ ಕುಣಿದು ಸಾರಿನ ಬಕೀಟು ಚೆಲ್ಲಿದ್ಳು.

ಇನ್ನೊಂದು ಮಾತು ಕೇಳ್ರಿ. ದಾರಿ ಗೊತ್ತಾದ ಮ್ಯಾಲೆ ಹಿಂದಕ್ಕೂ ಲೆಕ್ಕ ಹಾಕಬಹುದು, ಇಂಥಾ ವರ್ಷ ಅದು ಎಲ್ಲಿದ್ದಿರಬೇಕು ಅಂತ. ಹಂಗ ಹಾಕಿ ಹಳೇ ಫೋಟೋ ತಗದು ನೋಡಿದ್ರ, ಆರು ವರ್ಷದ ಹಿಂದಿನ ಫೋಟೋದಾಗ ಅದು ಕುಂತೇ ಇತ್ತು! ಬ್ಯಾರೆ ಯಾವುದೋ ನಕ್ಷತ್ರದ ಸಲುವಾಗಿ ತೆಗೆದ ಫೋಟೋ, ಅದರ ಮೂಲ್ಯಾಗ ಸಣ್ಣದೊಂದು ಚುಕ್ಕಿ. ಇಷ್ಟು ವರ್ಷ ಎಲ್ಲಾರ ಕಣ್ಣ ಮುಂದ ಇತ್ತು. ಅದನ್ನ ನೋಡಬೇಕಂತ ಯಾರೂ ನೋಡಿರಲಿಲ್ಲ, ಅಷ್ಟ.

ಇನ್ನ ಅದು ಕಳೆಯೂದಿಲ್ಲ ಅಬ್ಬಾ. ನೀವು ಹೊಟ್ಟಿ ತುಂಬ ಉಣ್ಣರಿ.

ನಿಮ್ಮ
ಬೇನಜೀರ


ಬ್ಯಾಡಗಿ
24 ಫೆಬ್ರವರಿ 2025

ಬೇಟಿ ಬೇನಜೀರಗೆ ದುವಾ.

ಈ ಪತ್ರ ಟಪಾಲಿಗೆ ಹಾಕವಲ್ಲೆ, ಖಾರದ ಚೀಲ ಒಯ್ಯೂ ಟೆಂಪೋ ಡ್ರೈವರ್ ಜಾಕೀರ್‌ನ ಕೈಯಾಗ ಕೊಟ್ಟೇನಿ. ಇದರ ಕೂಡ ಒಂದು ಫೋಟೋ ಐತಿ, ಮಡಚಬ್ಯಾಡ.

ನಿನ್ನ ಪತ್ರ ಎರಡೆರಡು ಸಲ ಓದಿದೆ. ಮೂಲ್ಯಾಗ ಚುಕ್ಕಿ ಇತ್ತು, ನೋಡಬೇಕಂತ ಯಾರೂ ನೋಡಿರಲಿಲ್ಲ ಅಂದಿಯಲ್ಲಾ. ಮುಜಾಫರ ಹೋದ ಮ್ಯಾಲಿನ ಫೋಟೋ ನಾವು ಅವನ ಸಲುವಾಗಿ ಯಾವತ್ತು ನೋಡೇವಿ? ಅಂವ ಇಲ್ಲ ಅಂತಾನೇ ಬಿಟ್ಟೇವಿ. ಉರುಸಿನದು, ಕೂಸಿನ ಅಕೀಕಾದ್ದು, ಯಾರ್ಯಾರದೋ ಮನಿ ಪ್ರವೇಶದ್ದು, ಸಿಕ್ಕ ಸಿಕ್ಕವರ ಮನಿಗೆ ಹೋಗಿ ಫೋಟೋ ತೋರಸ್ರಿ ಅಂದೆ. "ಯೂಸುಫಸಾಬಗ ಏನಾಗೇತಿ, ಕನ್ಯಾ ನೋಡಾಕತ್ತಾನೇನು?" ಅಂತ ನಕ್ಕಾರಂತ.

ಇಸ್ಮಾಯಿಲಸಾಬನ ಮಗಳ ಮದುವಿ ಆಲ್ಬಂದಾಗ ಈ ಫೋಟೋ ಸಿಕ್ಕಿತು. ಮದುಮಗಳ ತಮ್ಮ ನಯಾಜ ಕೈ ಚಾಚಿ ತಾನೇ ತಗೊಂಡ ಸೆಲ್ಫಿ. ಮುಂದ ಹಲ್ಲು ಕಿಸದಾವರನ್ನ ಬಿಡು. ಹಿಂದ, ಬಲಕ್ಕ, ಅಡಿಗಿ ಖೋಲಿ ಬಾಗಿಲದಾಗ ನೋಡು. ಒಬ್ಬಾಂವ ತಟ್ಟಿಗಳ ಥಪ್ಪಿ ಹಿಡಕೊಂಡು ನಿಂತಾನ. ಮೂಗು-ಬಾಯಿಗೆ ವಸ್ತ್ರ ಕಟ್ಯಾನ. ಗಂಟು ಎಡಗಿವಿ ಮ್ಯಾಲೆ ಐತಿ.

ಅಂವನೇ ಆಗಿದ್ರ, ಬೇಟಿ, ಅವತ್ತು ನಾವು ಉಂಡದ್ದು ಅಂವ ಕೊಟ್ಟ ತಟ್ಟ್ಯಾಗ. ನಿಮ್ಮ ಅಮ್ಮಿ ಹೊರಬಾಗಿಲ ನೋಡಾಕತ್ತಿದ್ಳು, ಅಂವ ಒಳಬಾಗಿಲದಾಗ ನಿಂತಿದ್ದ.

ಆದ್ರ ನಯಾಜ ನನಗೊಂದು ಅಂಜಿಕಿ ಹಚ್ಯಾನ. "ಕಾಕಾ, ಸೆಲ್ಫಿ ಒಮ್ಮೊಮ್ಮೆ ಕನ್ನಡಿಯಂಗ ಉಲ್ಟಾ ಬರತದ" ಅಂದ. ನಿನ್ನ ದುರ್ಬೀನಿನ ಚಾಂದ್ ಇದ್ದಂಗ. ಉಲ್ಟಾ ಇದ್ರ ಆ ಗಂಟು ಖರೇ ಬಲಗಿವಿಗೆ ಐತಿ, ಅಂವ ಯಾರೋ ಬ್ಯಾರೆಯವರ ಮಗ. ಬಾಗಿಲ ಬಾಜೂ ಗ್ವಾಡಿಮ್ಯಾಲೆ ಏನೋ ಬರದಂಗ ಐತಿ, ಪ್ರಿಂಟಿನಾಗ ಕತ್ತರಿಸಿ ಹೋಗೇತಿ. ನಯಾಜನ ಫೋನಿನಾಗ ಪೂರಾ ಐತಂತ. ತರಿಸಿಕೊಂಡು ದೊಡ್ಡದು ಮಾಡಿ ನೋಡು.

ನಾ ಒಬ್ಬಾಂವ ಕಂಡೇನಿ. ಅದು ಸಾಲೂದಿಲ್ಲ. ಅದರಾಗೂ ನಾ ಅಪ್ಪ, ಬೇಕಾದ್ದೇ ಕಾಣತದ. ಎರಡನೇ ಸಾಕ್ಷಿ ನೀ ಆಗು. ಅಲ್ಲಿತನಕ ಮಾಸುಮಬಿಗೆ ಒಂದಕ್ಷರ ಹೇಳೂದಿಲ್ಲ. ಸುಳ್ಳು ಚಾಂದ್ ನೋಡಿ ಆಕಿ ರೋಜಾ ಬಿಡೂದು ಬ್ಯಾಡ.

ಅಬ್ಬಾ
ಯೂಸುಫಸಾಬ


ರಾಣೆಬೆನ್ನೂರ
8 ಏಪ್ರಿಲ್ 2025

ಅಬ್ಬಾ, ಸಲಾಮ್.

ಈದಿಗೆ ಬಂದಾಗ ನೀವು ಶೀರ್‌ಕುರ್ಮಾ ಬಟ್ಟಲ ಹಿಡಕೊಂಡು ನನ್ನ ಮಾರಿನೇ ನೋಡಾಕತ್ತಿದ್ರಿ. ಅಮ್ಮಿ ಬಾಜೂಕ ಇದ್ಳು, ನನಗೂ ಇನ್ನೂ ಪೂರಾ ತಿಳಿದಿರಲಿಲ್ಲ. ಮಾಫ್ ಮಾಡ್ರಿ.

ಈಗ ಕೇಳ್ರಿ. ನಯಾಜನ ಫೋಟೋ ತರಿಸಿ ದೊಡ್ಡದು ಮಾಡಿ ನೋಡಿದೆ. ಗ್ವಾಡಿಮ್ಯಾಲೆ "ಕೈ ತೊಳೆಯುವ ಸ್ಥಳ" ಅಂತ ಐತಿ. ಅಕ್ಷರ ಮಸುಕು ಅದಾವ, ಆದ್ರ ಸೀದಾ ಅದಾವ. ಅಂದ್ರ ಫೋಟೋ ಉಲ್ಟಾ ಅಲ್ಲ, ಗಂಟು ಎಡಕ್ಕೇ ಐತಿ. ಮಾರಿ ಕಾಣೂದಿಲ್ಲ, ವಸ್ತ್ರದ ಮ್ಯಾಲೆ ಹಣಿ ಅಷ್ಟ. ಹಣಿ ನೋಡಿ ನಾ ಏನೂ ಹೇಳಲಾರೆ.

ಆ ಮದುವಿಗೆ ಅಡಿಗಿ ಮಾಡಿದ ಬಾವರ್ಚಿ ಹಾವೇರಿ ಮಲ್ಲಿಕಸಾಬಗ ಫೋನ್ ಮಾಡಿದೆ. ಮದುವಿ ಅಡಿಗಿ ಕೇಳಾವರಂಗ ಮಾತಾಡಿದೆ, ಯಾರ ಮಗಳಂತ ಹೇಳಲಿಲ್ಲ. ಗೊತ್ತಾದ್ರ ಅಣ್ಣ ಅಲ್ಲಿಂದನೂ ಹೋಗಬಹುದು. "ನಿಮ್ಮ ಕಡೆ ಎಡಚ ಒಬ್ಬ ಇದ್ನಲ್ರಿ?" ಅಂದೆ. "ಇಬ್ಬರು ಅದಾರಲ್ಲವಾ, ಯಾಂವ ನಿನಗ ಬೇಕಾದಾಂವ?" ಅಂದ್ರು. ಮುಖಕ್ಕ ವಸ್ತ್ರ ಕಟ್ಟೂವಾಂವ ಅಂದೆ. ಅದಕ್ಕ ಅವರು ನಕ್ಕು, "ಅಂವ ಒಬ್ಬ ವಿಚಿತ್ರ. ಒಣ ಮೆಣಸಿನಕಾಯಿ ಹುರಿಯೂ ಮುಂದ ನಾವೆಲ್ಲಾ ಕೆಮ್ಮಿಕೋಂತ ಹೊರಗ ಓಡತೇವಿ, ಅಂವಗ ಒಂದು ಸೀನೂ ಬರೂದಿಲ್ಲ. ಆದ್ರೂ ಸುಳ್ಳೇ ವಸ್ತ್ರ ಕಟ್ಟತಾನ. ಮುನ್ನಾ ಅಂತಾನ ಹೆಸರು, ಊರು ಹೇಳೂದಿಲ್ಲ" ಅಂದ್ರು.

ಅಬ್ಬಾ, ನಾನೂ ಸೀನೂದಿಲ್ಲ. ನೀವೂ ಸೀನೂದಿಲ್ಲ.

ಏಪ್ರಿಲ್ 20, ರವಿವಾರ, ಗುತ್ತಲದಾಗ ಮಲ್ಲಿಕಸಾಬರದೊಂದು ಮದುವಿ ಅಡಿಗಿ ಐತಿ. ಆ ಹುಡುಗನೂ ಬರ್ತಾನಂತ. ಇಸ್ಮಾಯಿಲ ಕಾಕಾಗ ಗಂಡಿನ ಕಡೆಯವರು ಪರಿಚಯ, ಅವರ ಕೂಡ ನೀವು ಹೋಗಬಹುದು. ನಾ ಬರಲೇನು? ರಜಾ ಕೇಳತೇನಿ. ಅಲ್ಲಿ ಇರಬೇಕು ಅಂತ ಲೆಕ್ಕ ಹೇಳತದ. ಲೆಕ್ಕ ತುಸು ತಪ್ಪಬಹುದು.

ನಿಮ್ಮ
ಬೇನಜೀರ


ಬ್ಯಾಡಗಿ
17 ಏಪ್ರಿಲ್ 2025

ಬೇಟಿ ಬೇನಜೀರಗೆ ದುವಾ.

ನೀ ರಜಾ ಹಾಕಬ್ಯಾಡ. ನಾವು ಹೋಗತೇವಿ. ನಾವು ಅಂದ್ರ ಇಬ್ಬರು. ಯಾಕಂದ್ರ ನಿನ್ನೆ ಒಂದು ಘಾತ ಆತು.

ನಿನ್ನ ಪತ್ರಕ್ಕ ಉತ್ತರ ಬರಿಯಾಕ ಕುಂತಿದ್ದೆ. "ನಿಮ್ಮ ಅಮ್ಮಿಗೆ ಗುತ್ತಲದ ಉರುಸಿಗೆ ಹೊಂಟೇವಿ ಅಂತ ಸುಳ್ಳು ಹೇಳತೇನಿ" ಅಂತ ಬರಿಯಾಕತ್ತಿದ್ದೆ. ಮಾಸುಮಬಿ ಒಲಿ ಮುಂದಿಂದ ಎದ್ದು ಬಂದು, ನನಗ ತುಟಿ ಕಾಣೂ ಹಂಗ ಎದುರಿಗೆ ಕುಂತು, ಸಾವಕಾಶ ಅಂದ್ಳು: "ಗುತ್ತಲದಾಗ ಈಗ ಯಾವ ಉರುಸ್ ಐತ್ರೀ?"

ನಾ ಕಾಗದ ಅಂಗೈಲೆ ಮುಚ್ಚಿದೆ. ಆಕಿ ಅಂದ್ಳು: "ನೀವು ಬಾಯಿಲೆ ಅನಕೋಂತ ಬರೆಯೂದು ಮಸೀದಿ ಮೈಕಿಗಿಂತ ಜೋರ ಕೇಳತದ. ಕಲ್ಲು ಬಿದ್ದ ಕನಸಿಂದ ಹಿಡಿದು ಎಲ್ಲಾ ಕೇಳೇನಿ. ನಾ ಒಬ್ಬಾಕೆ ಅಲ್ಲ, ನೀವು ಪತ್ರ ಬರಿಯೂ ದಿನ ಕುಲ್ಸುಮಬಿ ತನ್ನ ಮೆಣಸಿನಕಾಯಿ ತೊಟ್ಟು ಬಿಡಸಾಕ ನಮ್ಮ ಕಟ್ಟಿಗೇ ಬಂದು ಕುಂದರತಾಳ."

ಕುಲ್ಸುಮಬಿ ಅಂದ್ರ ಇಸ್ಮಾಯಿಲಸಾಬನ ಹೆಂಡ್ತಿ! ಅಂದ್ರ ಅಂವಗೂ ಗೊತ್ತು. ಅದಕ್ಕ ಆಲ್ಬಂ ಕೇಳಿದ ಕೂಡ್ಲೇ ಮಾತಿಲ್ಲದ ತಂದು ಕೊಟ್ಟಿದ್ದ. ಇಷ್ಟು ದಿನ ಒಂದು ಓಣಿ ನನ್ನ ಗುಟ್ಟು ಕಾಯಕೊಂಡು ಕುಂತಿತ್ತು, ಬೇಟಿ.

ಗೊತ್ತಿದ್ರ ಯಾಕ ಅನಲಿಲ್ಲ ಅಂತ ಕೇಳಿದೆ. "ಅಂದಿದ್ರ ನೀವು ಬರಿಯೂದು ಬಿಡತಿದ್ರಿ. ಅವನ ಹೆಸರು ಈ ಮನ್ಯಾಗ ಅದೊಂದ ಹೊತ್ತಿನಾಗ ಕೇಳತಿತ್ತು" ಅಂದ್ಳು.

ಬರದದ್ದು ಹರದೆ. ಇದನ್ನ ತುಟಿ ಮುಚ್ಚಿಕೊಂಡು ಬರಿಯಾಕತ್ತೇನಿ, ಅದಕ್ಕ ಅಕ್ಷರ ಸೊಟ್ಟ ಅದಾವ.

ರವಿವಾರ ಆಕಿ ಬರತಾಳ. ನನಗ ಅಂಜಿಕಿ ಒಂದಲ್ಲ. ಅಂವ ಬರದಿದ್ರ? ಬಂದು, ನಮ್ಮನ್ನ ನೋಡಿ ಹಿಂಬಾಗಿಲಿಂದ ಹೋದ್ರ? ಅಂವ ಆ ಎರಡನೇ ಎಡಚ ಆಗಿದ್ರ? ನಾವು ದೂರ ನಿಂತು ನೋಡೂಣು, ಕರಿಯೂದು ಬ್ಯಾಡ ಅಂದೆ. ಮಾಸುಮಬಿ ಅಂದ್ಳು, "ನೀವಂತೂ ಕರೀಬ್ಯಾಡ್ರಿ. ನೀವು ಕರೆದ್ರ ಇಡೀ ಗುತ್ತಲ ಎದ್ದು ನಿಂದರತದ. ನಾ ತಟ್ಟಿ ಹಿಡಕೊಂಡು ಹೋಗಿ ಅವನ ಮುಂದ ನಿಂದರತೇನಿ. ನೀಡಲಿ, ಬಿಡಲಿ. ವಸ್ತ್ರ ಕಟ್ಟಿದ್ರ ಏನಾತು, ಕಣ್ಣು ಹೊರಗ ಇರತಾವಲ್ಲಾ." ಇಬ್ಬರು ಸಾಕ್ಷಿ ಬೇಕಂತೀರಲ್ಲಾ, ಎರಡನೇದು ನಾನು ಅಂತ ಎದಿಮ್ಯಾಲೆ ಕೈ ಇಟ್ಟುಕೊಂಡ್ಳು.

ಇವತ್ತು ಟ್ರಂಕಿನಾಗಿಂದ ಅವನ ಹಳೇ ವಸ್ತ್ರ ತಗದು ಒಗದು ಹಾಕ್ಯಾಳ. ನಾಕು ಸಲ ಒಗದ್ರೂ ಖಾರದ ವಾಸನಿ ಹೋಗವಲ್ದು.

ಆಕಿನ್ನ ಹಂಗ ನೋಡಿ ನನಗ ತಡಕೊಳ್ಳಾಕ ಆಗವಲ್ದು. ನಾ ಒಬ್ಬಾಂವ ಆಸೆ ಇಟ್ಟಾಗ ತಪ್ಪಿದ್ರ ತಪ್ಪಲಿ ಅಂತಿದ್ದೆ. ಈಗ ಆಕೀದೂ ಕೂಡೇತಿ. ಅದಕ್ಕ ಸಿಟ್ಟಾಗಬ್ಯಾಡ ಬೇಟಿ. ಅಕ್ಷರ ಮಸುಕು ಅದಾವ, ಆದ್ರ ಸೀದಾ ಅದಾವ ಅಂತ ಬರದಿ. ಆ "ಮಸುಕು" ನನ್ನ ಬಿಡವಲ್ದು. ಶನಿವಾರ ಟೆಂಪೋ ಜಾಕೀರ್ ಈ ಪತ್ರ ನಿನಗ ಕೊಟ್ಟು, ನಿಮ್ಮಲ್ಲಿ ಚೀಲ ಇಳಿಸಿ ಸಂಜಿಮುಂದ ಹೊಳ್ಳತಾನ. ಪತ್ರ ಬ್ಯಾಡ, ಓದೂತನಕ ತಡಿಯೂದಿಲ್ಲ. ಹಾರ್ನ್ ಬಾರಿಸಿದ್ರ ನನಗ ಕೇಳೂದಿಲ್ಲ. ಸೀದಾ ಇದ್ರ ಟೆಂಪೋದ ಲೈಟ್ ಹಚ್ಚಿಕೊಂಡು ಓಣಿಗೆ ಬಾ ಅಂತ ಅವಂಗ ಹೇಳು. ನಾವಿಬ್ಬರೂ ಕಟ್ಟಿಮ್ಯಾಲೆ ಕುಂತಿರತೇವಿ.

ನಿನ್ನ ಅಬ್ಬಾ
ಯೂಸುಫಸಾಬ

ಅದೊಂದು ಗ್ವಾಡಿಮ್ಯಾಲಿನ ಅಕ್ಷರ, ಸೀದಾ ಅದಾವೋ ಉಲ್ಟಾ ಅದಾವೋ, ಇನ್ನೊಮ್ಮೆ ನೋಡವಾ.